ನಾಲ್ಕುನೂರು ಗ್ರಾಂ

ಕುಂದುವಾಡದ ಕೆರೆ ಏರಿಯ ಮೇಲೆ, ಬೆಳಗಿನ ಐದೂಕಾಲಕ್ಕೆ,
ನನಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ
ನನ್ನ ಏದುಸಿರು.
ನೀರುಕೋಳಿಗೆ ಗೊತ್ತು, ಗೇಟಿನ ಈರಣ್ಣನಿಗೆ ಗೊತ್ತು:
ನೂರಾ ಹದಿನೆಂಟು ದಿನ, ಒಂದೂ ತಪ್ಪಿಸಿಲ್ಲ.
ಇಲ್ಲ, ಒಂದು ತಪ್ಪಿದೆ. ಅಕ್ಕನ ಮಗನ ಮದುವೆ.
ಅವತ್ತೂ ಹೋಳಿಗೆ ಮುಟ್ಟಲಿಲ್ಲ,
ಬಡಿಸಲು ಬಂದವಳು ಮುನಿಸಿಕೊಂಡು ಹೋದಳು.

ರೊಟ್ಟಿ ಒಂದೇ. ಪುಂಡಿಪಲ್ಯ. ಮೊಳಕೆ ಬಂದ ಹೆಸರು.
ನನ್ನ ಮಜ್ಜಿಗೆಯೊಳಗೆ ಮಜ್ಜಿಗೆಯನ್ನು ಹುಡುಕಬೇಕು.
ಬೆಣ್ಣೆ ದೋಸೆಯ ಹೋಟೆಲು ಬಂದಾಗ
ಉಸಿರು ಬಿಗಿಹಿಡಿದು ದಾಟುತ್ತೇನೆ,
ಆ ಹೊಗೆಗೂ ಒಂದು ಲೆಕ್ಕ ಇದ್ದೀತೆಂಬ ಅಂಜಿಕೆ.

"ಗಾಳಿ ಕುಡಿದ್ರೂ ಊದ್ಕೊಳ್ಳೋ ಮೈ ಬಿಡವಾ ನಿಂದು"
ಎಂದಳು ನಾದಿನಿ ನಿರ್ಮಲೆ, ಮಿರ್ಚಿ ಕಚ್ಚುತ್ತಾ,
ಎಣ್ಣೆಯ ಬೆರಳನ್ನು ತನ್ನ ಒಣಕಲು ಸೊಂಟಕ್ಕೆ ಒರೆಸುತ್ತಾ.

ಡಾಕ್ಟರು ಹುಡುಗ. ನನ್ನ ಮಗಳ ವಯಸ್ಸು ಇದ್ದೀತು.
ಥೈರಾಯ್ಡು ಸರಿ ಇದೆ, ಸಕ್ಕರೆ ಸರಿ ಇದೆ, ರಕ್ತ ಸರಿ ಇದೆ.
ಎಲ್ಲ ಸರಿ ಇದೆ ಅಂದಮೇಲೆ
ಪೆನ್ನಿನ ಟೋಪಿ ಮುಚ್ಚಿ, ಮೆಲ್ಲಗೆ ಕೇಳಿದ:
"ರಾತ್ರಿ ಎದ್ದು ಏನಾದ್ರೂ ತಿಂತೀರಾ, ಹಾಲಮ್ಮ?"

ಕದ್ದವಳಲ್ಲ ನಾನು. ಆದರೂ
ಸೆರಗು ಎಳೆದುಕೊಂಡೆ.

ಅವ್ವನದೂ ಇದೇ ಮೈ.
ಕಾಟನ್ ಮಿಲ್ಲಿನ ಗೇಟಿನ ಮುಂದೆ ಚಹಾ ಮಾರುತ್ತಾ
ಇಪ್ಪತ್ತು ವರ್ಷ ನಿಂತೇ ಇದ್ದಳು.
ಸೀಟಿ ಊದಿದರೆ ಇನ್ನೂರು ಲೋಟ.
ಅವಳನ್ನು ಯಾರೂ ತೂಗಲಿಲ್ಲ.
ಮಳೆ ಬಂದಾಗ ನಾವು ಮೂವರೂ ಅವಳ ಒಂದೇ ಮಗ್ಗುಲಿಗೆ
ಸಾಕಾಗುತ್ತಿದ್ದೆವು.

ಇಷ್ಟಾಗಿ ನನ್ನ ಕೆಲಸ ಏನು ಗೊತ್ತೇ?
ಮಂಡಕ್ಕಿ ಭಟ್ಟಿಯಲ್ಲಿ ತೂಕದ ಚೀಟಿ ಬರೆಯುವುದು.
ಕಾದ ಮರಳಿಗೆ ಬಿದ್ದ ಅಕ್ಕಿ
ಚಟಪಟ ಎನ್ನುವಷ್ಟರಲ್ಲಿ ನಾಲ್ಕು ಪಟ್ಟು ಅರಳುತ್ತದೆ,
ತೂಕ ಮಾತ್ರ ಇಳಿದಿರುತ್ತದೆ.
ಹೇಗೆ ಮಾಡ್ತೀಯೇ ಇದನ್ನ, ಎಂದು
ಒಂದು ಕಾಳನ್ನು ಹಿಡಿದು ಕೇಳಿದ್ದೂ ಉಂಟು.
ನನ್ನೆತ್ತರದ, ನನಗಿಂತ ದಪ್ಪನೆಯ ಚೀಲ:
ಹನ್ನೊಂದು ಕೆಜಿ.
ಮಹಬೂಬ ಒಂದೇ ಕೈಯಲ್ಲಿ ಲಾರಿಗೆ ಎಸೆಯುತ್ತಾನೆ.

ನಿನ್ನೆ ಸಂಜೆ ಭಟ್ಟಿ ಆರಿದ ಮೇಲೆ
ಚಪ್ಪಲಿ ಬಿಟ್ಟು, ಬಳೆ ತೆಗೆದು, ಕಾಟಾ ಹತ್ತಿದೆ.
ನಾಲ್ಕು ತಿಂಗಳ ಕೆಳಗೆ ಎಪ್ಪತ್ತೆಂಟೂ ಆರು.
ಈಗ ಎಪ್ಪತ್ತೆಂಟೂ ಎರಡು.

ಹಿಂದೆ ಕಸ ಗುಡಿಸುತ್ತಿದ್ದ ಖಮರುನ್ನೀಸಾ
ಪೊರಕೆ ಗೋಡೆಗೆ ಒರಗಿಸಿದಳು.
"ಎಷ್ಟು ಇಳಿದ್ಯಕ್ಕಾ?"
"ನಾಲ್ಕುನೂರು ಗ್ರಾಂ."
ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.
ಮೊರ ತಂದು ಕಾಟಾದ ಮೇಲಿಟ್ಟು, ಅದರ ತೂಕ ಕಳೆದು
ಮಂಡಕ್ಕಿ ಸುರಿಯತೊಡಗಿದಳು.

ನೂರು ಗ್ರಾಮಿಗೇ ಮೊರದ ತಳ ಕಾಣಲಿಲ್ಲ.
ಇನ್ನೂರಕ್ಕೆ ಗುಡ್ಡ.
ಮುನ್ನೂರಕ್ಕೆ ಅಂಚಿನಿಂದ ಜಾರಿ ನೆಲಕ್ಕೆ,
"ಸೆರಗು ಹಿಡಿ, ಸೆರಗು ಹಿಡಿ" ಎಂದಳು.
ಹಿಡಿದೆ.
ಉಡಿ ತುಂಬಿ ಹೊರಗೆ ಚೆಲ್ಲಿತು,
ಎರಡೂ ಕೈ ಬೇಕಾಯಿತು ಹೊರಲು. ಇಷ್ಟು
ನಾನು ಕೆರೆಯ ಏರಿಯ ಮೇಲೆ ಬಿಟ್ಟು ಬಂದಿದ್ದೇನೆ,
ಒಂದೊಂದೇ ಕಾಳು, ಯಾವ ಹಕ್ಕಿಯೂ ಕಾಣದಂತೆ.

ಆಮೇಲೆ ಇಬ್ಬರೂ ಅಲ್ಲೇ ಕೂತು
ಒಂದೊಂದು ಮುಷ್ಟಿ ತಿಂದೆವು. ಬರೀದು. ಎಣ್ಣೆ ಹಚ್ಚಿಲ್ಲ.
ಉಳಿದದ್ದನ್ನು ಚೀಲಕ್ಕೆ ಸುರಿದೆವು, ಚೀಟಿ ಇಲ್ಲದೆ.

ಇವತ್ತು ಮತ್ತೆ ಎಪ್ಪತ್ತೆಂಟೂ ನಾಲ್ಕು.
ಸೀರೆಯ ನೆರಿಗೆ ಕೊಡವಿದೆ,
ಎರಡು ಕಾಳು ಉದುರಿದವು.
ಅವುಗಳದ್ದೇ ಇರಬೇಕು.