ಮ್ಯಾಕ್‌ನಲ್ಲಿ ಕಿಟಕಿ

ಈ ಊರಿನವರು ಊರಿನ ಹೆಸರು ಪೂರ್ತಿ ಹೇಳುವುದಿಲ್ಲ.
ಮ್ಯಾಕಲ್ಸ್‌ಫೀಲ್ಡ್ ಅನ್ನುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತದೆ,
ಮ್ಯಾಕ್ ಅಂದರೆ ಸಾಕು.
ಹಾಗಾಗಿ ನಾನು ಡೋರೀನಳಿಗೆ
'ಮ್ಯಾಕ್‌ಗೆ ಬರುತ್ತಿದ್ದೇನೆ' ಅಂದಾಗ
ಚಹಾದ ಬಟ್ಟಲಿನಿಂದ ಮುಖ ಎತ್ತಿ
'ಇಪ್ಪತ್ತಾರು ವರ್ಷ ಎಲ್ಲಿದ್ದೆ ಮತ್ತೆ?' ಅಂದಳು.

ಹಳೆಯ ಪೆಟ್ಟಿಗೆ ಸತ್ತದ್ದು ಮಂಗಳವಾರ,
ನಲವತ್ತು ಶಾಲಾ ಸ್ವೆಟರುಗಳಲ್ಲಿ ಹದಿನೇಳನೆಯದರ ನಡುವೆ.
ವರ್ಷಗಟ್ಟಲೆ ಕೆಮ್ಮಿ ಕೆಮ್ಮಿ ಕೊನೆಗೊಮ್ಮೆ ಕೆಮ್ಮಲಿಲ್ಲ.
ಬಿಚ್ಚಿದರೆ ಫ್ಯಾನಿನ ತುಂಬ ದಾರದ ಜುಂಗು,
ಕೆಂಪು, ಹಸಿರು, ಬೌಲಿಂಗ್ ಕ್ಲಬ್ಬಿನ ಕಡುನೀಲಿ,
ಗುಬ್ಬಿಯೊಂದು ಗೂಡಿಗೆ ಅಡಿಪಾಯ ಹಾಕಿ ಹೋದಂತೆ.
ಅದರ ನೆತ್ತಿಯ ಮೇಲೆ ಕಾಫಿ ಬೆಚ್ಚಗಿಡುತ್ತಿದ್ದೆ.
ಬೈದದ್ದುಂಟು. ಒಮ್ಮೆ ಒದ್ದದ್ದೂ ಉಂಟು.

ಅಂಗಡಿಯ ಹುಡುಗ ಕ್ಯಾಲಮ್
ಸೆಕೆಂಡ್‌ಹ್ಯಾಂಡ್ ಮ್ಯಾಕ್ ಹೊತ್ತು
ಮೂರು ಅಟ್ಟ ಹತ್ತಿ ಬಂದ.
ಹಬ್ಬಕ್ಕೆ ಉಜ್ಜಿಟ್ಟ ಬೆಳ್ಳಿ ತಾಟು; ಸದ್ದೇ ಇಲ್ಲ.
ಅಷ್ಟು ಸುಮ್ಮನಿರುವವರನ್ನು ನಂಬುವುದು ಹೇಗೆ?
ಮುಚ್ಚುವ ಗುಂಡಿ ಎಡಗಡೆ, ನನ್ನ ಕೈ ಬಲಗಡೆ.
'ಕಂಟ್ರೋಲ್ ಒತ್ತುವಲ್ಲಿ ಕಮಾಂಡ್ ಒತ್ತಿ, ಅಷ್ಟೇ ವ್ಯತ್ಯಾಸ' ಅಂದ.
ಅಷ್ಟೇನೇನಪ್ಪಾ?
ನಿನಗಿನ್ನೂ ಮದುವೆಯಾಗಿಲ್ಲ.

ಆದರೆ ನನ್ನ ಕಸೂತಿಯ ಪ್ರೋಗ್ರಾಮು
ವಿಂಡೋಸ್ ಬಿಟ್ಟು ಬೇರೆಲ್ಲೂ ಕೂರದು,
ತನ್ನ ಮಣೆ ತಾನೇ ಹಿಡಿದು ಬೀಗರ ಮನೆಗೆ ಬರುವ ಮುದುಕಿ.
ಬರೆದ ಕಂಪನಿ ಮುಚ್ಚಿ ಯಾವ ಕಾಲವಾಯಿತೋ;
ಆ ನಂಬರಿಗೆ ಈಗ ಬಚ್ಚಲ ಟೈಲ್ಸ್ ಮಾರುವವನು ಸಿಗುತ್ತಾನೆ.
ಶಾಲೆಗಳ ಸಿಂಹ, ಗಿಡುಗ, ಲ್ಯಾಟಿನ್ ಅಕ್ಷರ,
ಧಾರವಾಡದ ಚಂಪವ್ವ ಕಲಿಸಿದ ಆನೆ,
ನಾನು ಒಂದೊಂದೇ ಚುಕ್ಕಿ ಎಣಿಸಿ ತುಂಬಿದ್ದು,
ಎಲ್ಲ ಅದರ ಹೊಟ್ಟೆಯಲ್ಲಿ.

'ಮ್ಯಾಕಿನೊಳಗೇ ವಿಂಡೋಸ್ ಕೂರಿಸೋಣ' ಅಂದ ಕ್ಯಾಲಮ್.
'ಮೆಮೊರಿಯಲ್ಲಿ ಅರ್ಧ ಅದಕ್ಕೆ ಕೊಡಬೇಕಾಗುತ್ತದೆ.'
ಕೊಡು ಅಂದೆ.
ಪೆನ್ನಿನ ಮುಚ್ಚಳದಷ್ಟಿರುವ ಡಾಂಗಲ್ ಚುಚ್ಚಿದೊಡನೆ
ತೆರೆಯ ಮೇಲೆ ಪ್ರಶ್ನೆ:
ಇದನ್ನು ಯಾರಿಗೆ ಸೇರಿಸಲಿ, ಮ್ಯಾಕಿಗೋ ವಿಂಡೋಸಿಗೋ?
ಜನಗಣತಿಯವರೂ ಇಷ್ಟು ನೇರ ಕೇಳಿರಲಿಲ್ಲ.
ಕೆಳಗೊಂದು ಪುಟ್ಟ ಚೌಕ: ನನ್ನ ಉತ್ತರ ನೆನಪಿಡು.
ಚೌಕ ಖಾಲಿ ಬಿಟ್ಟೆ.
ದಿನಾ ಕೇಳಲಿ.

ಆಮೇಲೆ ಆ ತಣ್ಣನೆ ಬೆಳ್ಳಿಯ ಆಳದಿಂದ
ಹಳೆಯ ಪೆಟ್ಟಿಗೆಯ ಅದೇ ಏಳುವ ರಾಗ.
ಮೂರು ಬೆರಳು ಸರಿಸಿದರೆ ಅತ್ತ, ಮರಳಿ ಸರಿಸಿದರೆ ಇತ್ತ.
ಅತ್ತ ಕಮಾಂಡ್ ಒತ್ತಿ ಎತ್ತಿದ ಆನೆಯನ್ನು
ಇತ್ತ ಕಂಟ್ರೋಲ್ ಒತ್ತಿ ಇಳಿಸಿದೆ.
ದಾರಿಯಲ್ಲಿ ಒಂದು ಕಾಲೂ ಮುರಿದಿರಲಿಲ್ಲ.

ಚಂಪವ್ವ ಗವಂತಿ ಹಾಕುತ್ತಿದ್ದಳು,
ಹೋಗುವಾಗ ಒಂದು ಬಿಟ್ಟು ಒಂದು,
ಬರುವಾಗ ಬಿಟ್ಟದ್ದನ್ನೆಲ್ಲ ತುಂಬುತ್ತ.
'ಗಂಟ ಹಾಕಬ್ಯಾಡಬೇ,' ಅನ್ನುತ್ತಿದ್ದಳು,
'ತಿರುವಿ ನೋಡಿದ್ರ
ಹಿಂದ ಯಾವ್ದು ಮುಂದ ಯಾವ್ದು ತಿಳೀಬಾರ್ದು.'

ಯಂತ್ರಕ್ಕೆ ಅದು ಬಾರದು.
ನಲವತ್ತನೆಯ ಸ್ವೆಟರು ತಿರುವಿದರೆ
ಸಿಂಹದ ಬೆನ್ನ ಹಿಂದೆ ಬಿಳಿ ದಾರದ ರಾಡಿ, ಗಂಟಿನ ಮೇಲೆ ಗಂಟು.
ಕತ್ತರಿ ಹಿಡಿದು ಕಿಟಕಿಗೆ ಬಂದೆ.

ಗೋಡೆಯಿಂದ ಗೋಡೆಗೆ ಉದ್ದದ ಕಿಟಕಿ,
ರೇಷ್ಮೆ ನೇಯುವವರು ಮಗ್ಗಕ್ಕೆ ಬೆಳಕು ಬೇಕೆಂದು
ಅಟ್ಟದಲ್ಲಿ ಇಡಿಸಿದ್ದು.
ಚೆಷರಿನ ಮೋಡ ಸರಿದು ಒಂದಿಷ್ಟು ಬಿಸಿಲು.
ಕೆಳಗೆ ಡೋರೀನ್ ಕಸದ ತೊಟ್ಟಿ ಎಳೆಯುತ್ತಿದ್ದಳು.
'ಆ ಹಳೆಯದನ್ನ ಎಸೀತೀಯಾ?' ಕೂಗಿದಳು.
'ನಾಳೆ' ಅಂದೆ.
ಹೋದ ವಾರವೂ ಅದನ್ನೇ ಅಂದಿದ್ದೆ.