ಹನ್ನೆರಡು ನಲವತ್ತರ ಟ್ರಾಲಿ

ಉದ್ಯಮಬಾಗದ ನಮ್ಮ ಫೌಂಡ್ರಿಯೊಳಗ
ಫೆಟ್ಲಿಂಗ್ ಶಾಪಿಗೂ ಡಿಸ್ಪ್ಯಾಚಿಗೂ ನಡುವ ಒಂದು ಬಾಗಲ.
ಬಾಗಲಕ್ಕ ಈಗ ನಾಕು ಬಿಳೀ ಹಲಗಿ,
ಊಟಕ್ಕ ಕೂಡೋ ಮಣಿಯಷ್ಟು ಅಗಲ,
ಎಡಕ ಎರಡು, ಬಲಕ ಎರಡು.
ಕಣ್ಣಿಲ್ಲ, ರೆಪ್ಪಿ ಇಲ್ಲ, ಸಪ್ಪಳ ಸುದ್ದಾ ಇಲ್ಲ.
ಟ್ರಾಲಿ ದಾಟಿದ್ರ ಸಾಕು,
ನನ್ನ ಟೇಬಲ್ಲಿನ ಪರದೆ ಮ್ಯಾಲ
ಒಂದು ಹಸರು ಸಾಲು ಏಳತೈತಿ:
ಪಂಪಿನ ಕೇಸಿಂಗ್, ನಲವತ್ತೆಂಟು ನಗ,
ಎಷ್ಟನೇ ಹೀಟು, ಎಷ್ಟು ತಾಸು, ಎಷ್ಟು ಮಿನೀಟು.

ಮದಲ ಇದ ಕೆಲಸ ನಾ ಮಾಡ್ತಿದ್ದೆ,
ಕಿವಿ ಮ್ಯಾಲ ಪೆನ್ಸಿಲ್ಲು, ಕೈಯಾಗ ಖಡು.
ನಡುವ ಯಾರರ ಮಾತಾಡಿಸಿದ್ರ
ಮತ್ತ ಒಂದರಿಂದ.
ಹಂಗಂತ ಹಲಗಿ ಮ್ಯಾಲ ನನಗ ಸಿಟ್ಟೇನಿಲ್ಲ.
ನನ್ನ ಮೊಣಕಾಲಿಗೆ ಕೇಳ್ರಿ,
ಚಲೋ ಆತು ಅಂತಾವು.

ಗಣಪತಿ ಕಳಿಸಿದ ಮರುವಾರ ಸುರು ಆತು.
ಮಧ್ಯಾಹ್ನದ ಒಂದು ಟ್ರಾಲಿ
ಕಣ್ಣ ಮುಂದ ಐತಿ, ಪರದೆಯಾಗ ಇಲ್ಲ.
ಮುಟ್ಟಿದ್ರ ಇನ್ನೂ ಬಿಸಿ, ಸುಟ್ಟ ಉಸುಕಿನ ವಾಸನಿ,
ಆದ್ರ ಲೆಕ್ಕದಾಗ ಹುಟ್ಟೇ ಇಲ್ಲ.
ಹಸರು ಬರೂತನಾ ಲೋಡು ಏರಸಂಗಿಲ್ಲ.
ಹೊರಗ ಲಾರಿಯವ ಹಾರ್ನು ಹೊಡದು ಹೊಡದು
ಕಡೀಕ ಸೀಟಿನ್ಯಾಗ ನಿದ್ದಿ ಹೋದ.
ಹಿಂಗ ಹನ್ನೊಂದು ದಿವಸ.

ಶಹಾಪುರದಿಂದ ದೀಕ್ಷಾ ಪಾಚ್ಛಾಪುರೆ ಬಂದ್ಲು,
ಲ್ಯಾಪ್‌ಟಾಪು, ಪಾನಾ, ಒಂದು ಡಬ್ಬಿ ಊಟ.
ಹಲಗಿ ವಾರಿ ಮಾಡಿದ್ಲು, ಶಕ್ತಿ ಇಳಿಸಿದ್ಲು,
ಏರಿಸಿದ್ಲು. ಏರಿಸಿದಾಗ ನೋಡ್ರಿ,
ಅಂಗಳದಾಗ ಸುಮ್ನ ನಿಂತ ಟ್ರಾಲಿಗೋಳೂ ಹೊಂಟವು,
ನನ್ನ ಡ್ರಾದಾಗ ಚುರಮರಿ ಪೊಟ್ಟಣದ ಬಾಜೂಕ ಬಿದ್ದಿದ್ದ
ಮುರಕ ಟ್ಯಾಗು ಸುದ್ದಾ
‘ನಾನೂ ದಾಟಿದೆ’ ಅಂತು.

ಆಮ್ಯಾಲ ಆಕಿ ಏನೂ ಮುಟ್ಟಲಿಲ್ಲ.
ಬಾಗಲ ಮಗ್ಗಲಕ ಒಂದು ಕ್ರೇಟು ಡಬ್ಬ ಹಾಕಿ ಕುಂತ್ಲು.

ಹನ್ನೆರಡು ನಲವತ್ತು.
ಮಷ್ಣು ಕಾಕತಕರ ಬಂದ, ನೂಕತ ನೂಕತ.
ಎಡಗಡೆ ಗಾಲಿ ಕೆಟ್ಟೈತಿ, ಎಳೀತೈತಿ,
ಅದಕ ಆತ ಎದಿ ಒತ್ತಿ, ತೋಳು ಚಾಚಿ
ಇಡೀ ಭಾರ ತಬ್ಬಿಕೊಂಡ ಬರತಾನ,
ಮೈಗಳ್ಳ ಎಮ್ಮಿನ ಕೊಟ್ಟಗಿಗೆ ಹೊಡದಂಗ.
ಟ್ಯಾಗು ಆತನ ಬಗಲಾಗ.

ದೀಕ್ಷಾ ಹಣಿ ಬಡಕೊಂಡ್ಲು.
‘ಕಾಕಾ, ಈ ತೆರಿ ಕಬ್ಬಿಣಕ್ಕ ಬಡದ್ರ ಹೊಳ್ಳಿ ಬರತೈತಿ,
ನೀರಿಗೆ ಬಿದ್ರ ಮುಳಗತೈತಿ.
ಕಬ್ಬಿಣಕ್ಕ ಮದ್ದು ತಂದಿದ್ದೆ, ದಪ್ಪನ ಟ್ಯಾಗು.
ನೀರು ಎಲ್ಲೈತಿ ಅಂತ ಹುಡಕಾಕ್ಹತ್ತಿದ್ದೆ.
ನೀರು ನೀವ.’

ಮಷ್ಣು ತನ್ನ ಕರೇ ಅಂಗೈ ನೋಡಿಕೊಂಡ.
‘ನಾ? ಮೂವತ್ತೊಂದು ವರ್ಷ
ಕುಲುಮಿ ಬಾಜೂಕ ನಿಂತಾವ?’
‘ಅರ್ಧಕ್ಕಿಂತ ಹೆಚ್ಚು, ಕಾಕಾ.’
‘ಅರೇ ದೇವಾ, ಇನ್ನೂ ಆರಿಲ್ಲೇನು!’

‘ನೂಕಬ್ಯಾಡ್ರಿ, ಎಳಕೊಂಡ ಬರ್ರಿ’ ಅಂದ್ಲು.
ಆತ ಬೂಟು ಕಳದು ಹಿಂಬಡ ತೋರಿಸಿದ,
ಹಳೇ ಗಾಯ, ಮುಚ್ಚಿದ ಬಾಯಿಯಂಗ.
‘ಎಳದ್ರ ಹಿಂದಿಂದ ಕಡೀತೈತಿ ತಂಗಿ.
ನೂಕಿದ್ರ ನನ್ನ ಮಾತು ಕೇಳತೈತಿ.’

ಆಕಿ ಮತ್ತ ಮಾತಾಡಲಿಲ್ಲ.
ಟ್ಯಾಗು ಬಿಚ್ಚಿ ಮುಂದಿನ ಮೂಲಿಗೆ ಹಚ್ಚಿದ್ಲು.
ಎರಡು ರಿವೆಟ್ಟು, ಏಳು ಮಿನೀಟು.
ಅವತ್ತಿಂದ ಹಸರು, ಬರೇ ಹಸರು.

ಉಳದ ಹನ್ನೊಂದು ಖಾಲಿ ಜಾಗಾ
ಕೈಲೆ ತುಂಬು ಅಂದ್ರು ನನಗ ಸಾಹೇಬ್ರು.
ಸಂಜಿಕ ಕುಂತು ಹಿಂದಿಂದೆಲ್ಲಾ ಓದಿದೆ.
ಕೇಸಿಂಗ್ ಐತಿ, ತೂಕ ಐತಿ, ಫೋರ್ಕ್‌ಲಿಫ್ಟಿಗೂ ಒಂದು ನಂಬರ ಐತಿ.
ನೂಕಿದಾವಗ ಮನಿ ಇಲ್ಲ ಆ ತಖ್ತೆದಾಗ.
ಈ ಹನ್ನೊಂದರಾಗ ಅಷ್ಟ,
ಏನೂ ಇಲ್ಲದ ಜಾಗಾದಾಗ,
ಆತನ ಎದಿ ಐತಿ.

ಹತ್ತು ತುಂಬಿದೆ.
ಹನ್ನೊಂದನೇದಕ್ಕ ಚಾ ಬಂತು, ಬಿಟ್ಟೆ.
ಆಡಿಟ್ಟಿನವರು ಕೇಳಿದ್ರ
ನೀರು ಬಿದ್ದಿತ್ರೀ ಅಂತೇನಿ.