ಸ್ವಇಚ್ಛೆಯಿಂದ

ಮುನ್ನೂರ ಹನ್ನೆರಡು ಹೆಸರು. ಟೈಪು ಮಾಡಿದವನು ನಾನೇ,
ಕರೂರಿನ ಸ್ಟಾರ್ಚ್ ಫ್ಯಾಕ್ಟರಿಯಲ್ಲಿ ಎರಡು ರಾತ್ರಿ ಕೂತು.
ಮೆಕ್ಕೆಜೋಳದ ಬಿಳಿ ಹುಡಿ ಕೀಲಿಗಳ ಸಂದಿಗಿಳಿದು
‘ಶ್ರೀ’ ಒತ್ತಿದಾಗೆಲ್ಲ ಕಿರ್ ಅನ್ನುತ್ತಿತ್ತು.

ಮ್ಯಾನೇಜರ್ ಹೇಳಿದ್ದು ಇಷ್ಟು:
ಬೆಸ ಸಂಖ್ಯೆಯವರು ಒಂದು ಪಕ್ಷಕ್ಕೆ,
ಸಮ ಸಂಖ್ಯೆಯವರು ಇನ್ನೊಂದಕ್ಕೆ.
ಯಾರೇ ಗೆಲ್ಲಲಿ, ನಮ್ಮ ನೀರಿನ ಪೈಪು ನಿಲ್ಲಬಾರದು.
ಏಪ್ರಿಲ್ ಸಂಬಳದ ಜೊತೆ ತಲಾ ಹತ್ತು ಸಾವಿರ, ‘ವಿಶೇಷ ಭತ್ಯೆ’;
ಮೂರನೇ ದಿನ ಅದೇ ಹತ್ತು ಸಾವಿರ ಹೊರಟಿತು,
‘ದೇಣಿಗೆ, ಸ್ವಇಚ್ಛೆಯಿಂದ’.
ಬಾಯ್ಲರಿನ ಪೀರ್‌ಸಾಬರ ಜೇಬಿನಲ್ಲಿ
ಮೊಬೈಲು ಎರಡು ಸಲ ಗುಂಯ್ ಅಂದಿತು, ಅಷ್ಟೇ.

ಚೀಲ ಹೊಲಿಯುವ ಕೊಟ್ರಮ್ಮ ನೂರಾ ನಲವತ್ತೇಳು.
ಗಂಡ, ಲೋಡಿಂಗಿನ ಮೈಲಾರಪ್ಪ, ನೂರಾ ನಲವತ್ತೆಂಟು.
ಒಂದೇ ದಿನ ಕೆಲಸಕ್ಕೆ ಸೇರಿ ಒಂದೇ ಬುತ್ತಿ ಬಿಚ್ಚುವವರು
ನನ್ನ ಪಟ್ಟಿಯಲ್ಲಿ ಎದುರಾಳಿಗಳಾದರು.

ರಸೀದಿ ಬಂದ ದಿನ ಕಿಟಕಿಗೆ ಬಂದಳು ಕೊಟ್ರಮ್ಮ.
“ಏನ್ ಬರದಾರ ಓದ್ರಿ.”
ಶ್ರೀಮತಿ ಕೊಟ್ರಮ್ಮ ಅವರಿಂದ, ಕೃತಜ್ಞತೆಗಳೊಂದಿಗೆ ಸ್ವೀಕರಿಸಲಾಗಿದೆ.
“ಇನ್ನೊಮ್ಮೆ ಓದ್ರಿ.”
ಓದಿದೆ. ‘ಶ್ರೀಮತಿ’ ಬಂದಾಗ ಸೆರಗು ಸರಿಮಾಡಿಕೊಂಡಳು.

ಮೇನಲ್ಲಿ ಬೆಸ ಸಂಖ್ಯೆ ಗೆದ್ದಿತು.
ಅವಳು ರಸೀದಿಗೆ ಪ್ಲಾಸ್ಟಿಕ್ ಹೊದಿಸಿ, ಅರ್ಧ ದಿನ ರಜೆ ಬರೆಸಿ
ಗೆದ್ದವರ ಕಚೇರಿಗೆ ಹೋದಳಂತೆ. ಸಾಲಿನಲ್ಲಿ ನಿಲ್ಲಲಿಲ್ಲವಂತೆ.
“ಹತ್ತು ಸಾವಿರ ಕೊಟ್ಟೀನ್ರಿ ನಾನು.
ಅವರಗೆರೆ ಮೂರನೇ ಅಡ್ಡರಸ್ತೆಯಾಗ
ಗಟಾರ ಮೂರು ವರ್ಷದಿಂದ ಬಾಯಿ ತಕ್ಕಂಡೈತಿ.
ಮೊದಲು ಅದನ್ನ ಮುಚ್ಚಸ್ರಿ.
ಉಳದದ್ದು ಏನಾರ ಇದ್ರ ಆಮೇಲೆ ಮಾತಾಡೋಣ.”

ಅಲ್ಲಿನ ಪಿಎ ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ
ಫ್ಯಾಕ್ಟರಿಗೆ ಫೋನ್ ಹಚ್ಚಿದ.
ಮ್ಯಾನೇಜರ್ ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿ:
“ರಸೀದಿ ಅವರ ಕೈಗೆ ಯಾಕ್ರೀ ಕೊಟ್ರಿ?”
“ಕೊಟ್ಟವರಿಗೆ ಕೊಟ್ಟೆ ಸಾರ್.”
ಬೇರೆ ಉತ್ತರ ಹೊಳೆಯಲಿಲ್ಲ.

ನನ್ನದು ಮುನ್ನೂರ ಹನ್ನೆರಡು. ಸಮ.
ರಸೀದಿ ಮೇಜಿನ ಖಾನೆಯಲ್ಲಿದೆ,
ಸ್ಟೇಪ್ಲರ್ ಪಿನ್ನಿನ ಡಬ್ಬಿಯ ಕೆಳಗೆ.
ನನಗೆ ಓದಲು ಬರುತ್ತದೆ. ಓದಿಲ್ಲ.

ಗಟಾರ ಇನ್ನೂ ಹಾಗೇ ಇದೆ.
ಶಿಫ್ಟು ಬಿಟ್ಟಮೇಲೆ ಗೇಟಿನೆದುರು ಮಂಡಕ್ಕಿ ಪೊಟ್ಟಣ ಬಿಚ್ಚುತ್ತ
ಮೈಲಾರಪ್ಪ ಕೆಣಕುತ್ತಾನೆ: “ನಿನ್ ಸರ್ಕಾರ, ನಿನ್ ಗಟಾರ.”
“ಸೋತವ ಸುಮ್ಕಿರು” ಅನ್ನುತ್ತಾಳೆ ಶ್ರೀಮತಿ ಕೊಟ್ರಮ್ಮ,
ಇದ್ದ ಒಂದೇ ಮಿರ್ಚಿಯನ್ನು ತನ್ನ ಕಡೆಗೆ ಎಳೆದುಕೊಂಡು.